ಪೇಟೆಯ ಹಿತ್ತಿಲಲ್ಲಿ ಕೋಳಿ

ಸ್ಟೇಷನ್ನಿನ ಹೊರಗೆ ಬಿದಿರ ಬುಟ್ಟಿಯಲ್ಲಿ ಗುಲಾಬಿ, ಹಸುರು, ನೇರಳೆ ಬಣ್ಣದ ಕೋಳಿಮರಿಗಳನ್ನು ಮಾರುತ್ತಿದ್ದುದನ್ನು ಮುಂಬಯಿಯ ಉಪನಗರಗಳಲ್ಲಿ ಬೆಳೆದ ವಾಚಕರು ಮರೆತಿರಲಾರರು. 1970ರ ದಶಕದಲ್ಲಿ ನಾವು ಕೊಂಡಾಗ ಎಂಟಾಣೆಗೊಂದು. ಚೌಕಾಸಿ ಮಾಡಿದರೆ ರೂಪಾಯಿಗೆ ಮೂರು. ಶಾಲೆಯಿಂದ ಬರುವ ಮಕ್ಕಳು ಬುಟ್ಟಿಯ ಮುಂದೆ ಕುಕ್ಕರಿಸಿಬಿಟ್ಟರೆ ಎಬ್ಬಿಸುವುದೇ ಕಷ್ಟ. ಕೊನೆಗೆ ತಾಯಂದಿರು ಸೋತು, ತರಕಾರಿ ಚೀಲದ ಮೇಲುಗಡೆ ಎರಡು ಮರಿಗಳನ್ನು ಕೂರಿಸಿಕೊಂಡು ಮನೆಗೆ ಬರುತ್ತಿದ್ದರು. ಮೂರನೆಯ ದಿನ ಒಂದು ಸಾಯುತ್ತಿತ್ತು, ವಾರದೊಳಗೆ ಇನ್ನೊಂದು. ಅಪ್ಪಿತಪ್ಪಿ ಉಳಿದದ್ದು ಬಣ್ಣ ಕಳೆದುಕೊಂಡು ಬಿಳಿಯಾಗಿ, ಜುಟ್ಟು ಕೆಂಪೇರಿ, ಒಂದು ದಿನ ನಸುಕಿನ ನಾಲ್ಕೂವರೆಗೆ ಗಂಟಲು ಬಿಚ್ಚಿ ಕೂಗಿ ಇಡೀ ಚಾಳನ್ನೇ ಎಬ್ಬಿಸುತ್ತಿತ್ತು. ಮೊಟ್ಟೆಯ ಆಸೆಯಿಟ್ಟುಕೊಂಡವರಿಗೆ ಸಿಕ್ಕಿದ್ದು ಹುಂಜ. ನೆರೆಮನೆಯಲ್ಲಿ ಕೇಳಿದರೆ ಅವರದೂ ಹುಂಜ. ನಮ್ಮ ಹಣೆಬರಹ ಎಂದು ಆಗ ಸುಮ್ಮನಾದೆವು.

ಹಣೆಬರಹವಲ್ಲ, ಅದಕ್ಕೊಂದು ಚರಿತ್ರೆಯೇ ಇದೆ ಎಂದು ತಿಳಿಯಲು ನಮಗೆ ಬಹಳ ವರ್ಷಗಳು ಹಿಡಿದವು. ಅದನ್ನಿಲ್ಲಿ ಹೇಳಬೇಕೆಂದಿದ್ದೇವೆ. ನಮ್ಮ ಬಳಗದಲ್ಲಿ ಅರ್ಧಕ್ಕರ್ಧ ಸಸ್ಯಾಹಾರಿಗಳೆಂಬುದು ಗೊತ್ತು, ಅವರು ಬೇಸರಿಸಬಾರದು. ಹುಂಜವಿಲ್ಲದೆ ಇಟ್ಟ, ಮರಿಯಾಗದ ಮೊಟ್ಟೆಯನ್ನು ಹಾಲು ಕುಡಿಯುವವರು ನಿಷಿದ್ಧವೆನ್ನಬೇಕಾಗಿಲ್ಲ ಎಂಬ ಅಭಿಪ್ರಾಯವನ್ನು ಗಾಂಧೀಜಿಯವರೇ 1942ರಲ್ಲಿ, ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲಿ ಸೂಚಿಸಿದ್ದಾರೆ. ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು.

ಕೋಳಿ ಎಂಬ ಮಾತು ನಮ್ಮದೇ. ಹಳಗನ್ನಡದಲ್ಲಿ ಕೋೞಿ, ತಮಿಳಿನಲ್ಲೂ ಅದೇ, ತುಳುವಿನಲ್ಲಿ ಕೋರಿ, ತೆಲುಗಿನಲ್ಲಿ ಕೋಡಿ. ಈ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡುವ ಮೊದಲೇ ಅಂಗಳದಲ್ಲಿ ಕೋಳಿಯಿದ್ದಿರಬೇಕು ಎಂದು ಊಹಿಸಲು ಇಷ್ಟು ಸಾಕು. (ಮುಂಬಯಿಗೆ ಹೊಸದಾಗಿ ಬಂದಾಗ ‘ಕೋಳಿವಾಡಾ’ ಎಂಬ ಬೋರ್ಡು ನೋಡಿ, ಇದೇನು ಕೋಳಿಗಳ ಕೇರಿಯೇ ಎಂದು ನಗದ ಕನ್ನಡಿಗನಿಲ್ಲ. ಅದು ಈ ದ್ವೀಪದ ಮೂಲನಿವಾಸಿಗಳಾದ ಬೆಸ್ತರ ಕೇರಿ.) ಮನೆಗೋಳಿಯ ಮೂಲಪುರುಷ ಕೆಂಪು ಕಾಡುಕೋಳಿಯೆಂದು ಡಾರ್ವಿನ್ 1868ರ ಗ್ರಂಥದಲ್ಲಿ ವಾದಿಸಿದ. ಅದು ಬಹುಮಟ್ಟಿಗೆ ಸರಿ. 2020ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ಆ ಮೂಲವನ್ನು ಚೀನದ ನೈಋತ್ಯ ಭಾಗ, ಥಾಯ್ಲೆಂಡಿನ ಉತ್ತರ ಭಾಗ ಮತ್ತು ಬರ್ಮಾ ಕೂಡುವ ಸೀಮೆಯಲ್ಲಿ ಗುರುತಿಸಿತು. ಆದರೆ ಕೋಳಿಯ ಕಾಲಿನ ಹಳದಿ ಬಣ್ಣ ಆ ಮೂಲಪುರುಷನದಲ್ಲ. ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟಂತೆ, ಅದು ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯಿಂದ ಬಂದ ಬಳುವಳಿ. ಆಗುಂಬೆಯ ಕಡೆ ಬೆಳಗಿನ ಬಸ್ಸಿಗೆ ಅಡ್ಡ ಓಡುವ ಅದೇ ಹಕ್ಕಿ. ಜಗತ್ತಿನ ಕೋಟಿಗಟ್ಟಲೆ ಫಾರಂ ಕೋಳಿಗಳ ಹಳದಿ ಕಾಲು ಸಹ್ಯಾದ್ರಿಯಂಥ ಕಾಡುಗಳ ಋಣದಲ್ಲಿದೆ ಎಂದರೆ ನಮಗೆ ಸ್ವಲ್ಪ ಹೆಮ್ಮೆಯೆನಿಸುವುದು ಸಹಜ.

ಪುಸ್ತಕಗಳಲ್ಲಿಯೂ ಕೋಳಿಗೆ ಸ್ಥಾನವುಂಟು. ಅಶೋಕನ ಐದನೆಯ ಸ್ತಂಭಶಾಸನ ಹುಂಜಗಳ ಬೀಜ ತೆಗೆಯಬಾರದೆಂದು ಆಜ್ಞಾಪಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಕೋಳಿಕಾಳಗವೂ ಬರುತ್ತದೆ. ತುಳುನಾಡಿನವರಿಗೆ ಕೋರಿಕಟ್ಟವನ್ನು ನಾವು ವಿವರಿಸಬೇಕಾಗಿಲ್ಲ. ಯಾವ ಬಣ್ಣದ ಹುಂಜ ಯಾವ ದಿನ ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗವೇ ಅಲ್ಲಿದೆ. ಇನ್ನು ಜನ್ನ. ಅವನ ‘ಯಶೋಧರ ಚರಿತೆ’ಯಲ್ಲಿ ತಾಯಿಮಗ ಬಲಿಕೊಟ್ಟದ್ದು ಹಿಟ್ಟಿನ ಹುಂಜವನ್ನು. ಆ ಸಂಕಲ್ಪಹಿಂಸೆಗಾಗಿ ಅವರು ಜನ್ಮಜನ್ಮಾಂತರ ಅಲೆದು, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ಸಿಕ್ಕರು. ಒಂದು ಕೋಳಿಯ ಸಾವಿಗೆ ಇಷ್ಟು ಲೆಕ್ಕ ಇಟ್ಟ ಭಾಷೆ ನಮ್ಮದು.

ಆದರೆ ಊರಿನಲ್ಲಿ ಕೋಳಿ ಸಾಕುತ್ತಿದ್ದವರು ಅರಸರೂ ಅಲ್ಲ, ಕವಿಗಳೂ ಅಲ್ಲ, ಹೆಂಗಸರು. ಮರಿ ಕೊಳ್ಳುವುದೆಂಬ ಮಾತೇ ಅಲ್ಲಿರಲಿಲ್ಲ. ಹೇಟೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಮಂಕಾಗಿ, ಗರಿ ಕೆದರಿ ‘ಕೊರ್’ ಎಂದು ಕೂತರೆ ಕಾವಿಗೆ ಬಂತೆಂದು ಅರ್ಥ. ಮಂಕರಿಗೆ ಹುಲ್ಲೋ ಬೂದಿಯೋ ಹಾಸಿ ಮೊಟ್ಟೆಗಳ ಮೇಲೆ ಕೂರಿಸಿದರೆ ಇಪ್ಪತ್ತೊಂದನೆಯ ದಿನ ಮರಿ. ಕಾವು, ಕಾವಲು, ಪಾಠ ಎಲ್ಲವೂ ತಾಯಿಯದೇ. ಕೋಳಿಯಿಲ್ಲದ ಮನೆಗೆ ನೆರೆಯವಳು ಒಂದು ಹೇಟೆಯನ್ನು ಪಾಲಿಗೆ ಕೊಡುತ್ತಿದ್ದಳು. ಹುಟ್ಟಿದ ಮರಿಗಳಲ್ಲಿ ಅರ್ಧ ಇವಳಿಗೆ, ಅರ್ಧ ಅವಳಿಗೆ. ಮೊಟ್ಟೆ ಮಾರಿದ ಕಾಸು ಗಂಡಸಿನ ಕೈಸೇರುತ್ತಿರಲಿಲ್ಲ. ಮಕ್ಕಳ ಪಾಟಿ ಬಳಪ, ಜಾತ್ರೆಯ ಬಳೆ, ಅಳಿಯ ಬಂದ ರಾತ್ರಿಯ ಸಾರು ಇವೆಲ್ಲ ಆ ಮಂಕರಿಯಿಂದಲೇ ಹೊರಡುತ್ತಿದ್ದವು. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಷ್ಟೇ ನಾಟಿ ಕೋಳಿಯ ಶಕ್ತಿ, ನಿಜ. ಅದಕ್ಕೆ ಹಾಕುತ್ತಿದ್ದುದೂ ನುಚ್ಚು, ತೌಡು, ಮುಸುರೆಯ ಅನ್ನದಗುಳು ಮಾತ್ರ.

ಈ ವ್ಯವಸ್ಥೆಗಿದ್ದ ದೊಡ್ಡ ಶತ್ರು ಹದ್ದೂ ಅಲ್ಲ, ಬೆಕ್ಕೂ ಅಲ್ಲ. ಒಂದು ವಾರದಲ್ಲಿ ಊರಿಗೆ ಊರೇ ಕೋಳಿಯಿಲ್ಲದಂತೆ ಮಾಡುವ, ಕತ್ತು ತಿರುಚಿ ಹಸಿರು ಭೇದಿಯಾಗಿ ಕೊಲ್ಲುವ ರೋಗ. ನಮ್ಮವರು ಕೊಕ್ಕರೆ ರೋಗವೆಂದರು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಮರುವರ್ಷ ಕುಮಾವೂನ್ ಬೆಟ್ಟದ ರಾಣಿಖೇತಿನಲ್ಲಿಯೂ ವೈದ್ಯರು ಇದನ್ನು ಗುರುತಿಸಿದರು. ಆ ಚೆಂದದ ಗಿರಿಧಾಮಕ್ಕೆ ರೋಗದ ಹೆಸರು ಅಂಟಿಕೊಂಡಿತು. 1939ರಲ್ಲಿ ಬರೇಲಿಯ ಬಳಿಯ ಇಜ್ಜತ್‌ನಗರದಲ್ಲಿ ಕೋಳಿ ಸಂಶೋಧನೆಗೆಂದೇ ಒಂದು ವಿಭಾಗ ಆರಂಭವಾಯಿತು. 1940ರ ದಶಕದಲ್ಲಿ ಮುಕ್ತೇಶ್ವರ ತಳಿಯ ಲಸಿಕೆ ಬಂತು. ಅದು ಬೆಳೆದ ಕೋಳಿಗೆ, ಸೂಜಿಯಿಂದ. ಎಳೆಯ ಮರಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡುವ ‘ಎಫ್’ ಲಸಿಕೆ ಆಮೇಲೆ ಬಂತು. ನಮ್ಮ ದೇಶದಲ್ಲಿ ಸಾವಿರಾರು ಕೋಳಿಗಳನ್ನು ಒಂದೇ ಸೂರಿನಡಿ ಸಾಕಲು ಧೈರ್ಯ ಬಂದದ್ದೇ ಈ ಹನಿಯಿಂದ.

ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ಅಂದರೆ 1956ರಿಂದ 1961ರ ನಡುವೆ, ಕೇಂದ್ರ ಸರಕಾರ ಪ್ರಾದೇಶಿಕ ಕೋಳಿ ಫಾರಂಗಳನ್ನು ತೆರೆಯಿತು. ಮುಂಬಯಿಯದು ಗೋರೆಗಾಂವಿನ ಆರೇ ಹಾಲಿನ ಕಾಲನಿಯಲ್ಲಿ, ಬೆಂಗಳೂರಿನದು ಹೆಸರಘಟ್ಟದಲ್ಲಿ. ಇಟಲಿಯ ಬಂದರೊಂದರ ಹೆಸರು ಹೊತ್ತ ಬಿಳಿ ಲೆಗ್‌ಹಾರ್ನ್, ಅಮೆರಿಕದ ಕೆಂಪು ರೋಡ್ ಐಲೆಂಡ್ ಜನರ ಬಾಯಿಗೆ ಬಂದವು. ಲೆಗ್‌ಹಾರ್ನ್ ವರ್ಷಕ್ಕೆ ಇನ್ನೂರಕ್ಕೂ ಮೀರಿ ಇಡುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ. ಕಾವು ಕೂತಷ್ಟು ದಿನ ಮೊಟ್ಟೆಯಿಲ್ಲವಷ್ಟೆ. ಆದ್ದರಿಂದ ತಳಿಗಾರರು ತಾಯ್ತನವನ್ನೇ ಆರಿಸಿ ತೆಗೆದುಬಿಟ್ಟಿದ್ದರು. ಅಲ್ಲಿಂದ ಮುಂದೆ ಮರಿಯನ್ನು ಯಂತ್ರ ಮಾಡಬೇಕು, ನಾವು ಕೊಳ್ಳಬೇಕು.

ಆಮೇಲೆ ಪುಣೆಯ ಸರದಿ. 1971ರಲ್ಲಿ ಡಾ. ಬಿ. ವಿ. ರಾವ್ ಅಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದರು. 1982ರಲ್ಲಿ ಅವರ ಮುಂದಾಳತ್ವದಲ್ಲಿಯೇ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು. ಅಲ್ಲಿಯವರೆಗೆ ಪೇಟೆಯ ದಲಾಲರು ಹೇಳಿದ್ದೇ ಬೆಲೆ. ಅಂದಿನಿಂದ ಸಾಕುವವರೇ ಕೂಡಿ ಬೆಲೆ ಸಾರತೊಡಗಿದರು. ದೂರದರ್ಶನದ ಮೊಟ್ಟೆಯ ಜಾಹೀರಾತನ್ನು ಬಾಯಿಪಾಠ ಮಾಡದ ಮಕ್ಕಳು ಆಗ ಇರಲಿಲ್ಲ. 1950-51ರಲ್ಲಿ ದೇಶದಲ್ಲಿ ಸುಮಾರು 183 ಕೋಟಿ ಮೊಟ್ಟೆ ಉತ್ಪನ್ನವಾಗಿತ್ತು, ತಲೆಗೆ ಐದು. 2022-23ರಲ್ಲಿ 13,838 ಕೋಟಿ, ತಲೆಗೆ ನೂರೊಂದು. ಬಡವರ ತಟ್ಟೆಗೆ ಮೊಟ್ಟೆ ಬಂದದ್ದು ಫಾರಂ ಕೋಳಿಯಿಂದಲೇ ಎಂಬುದನ್ನು ನಾಟಿ ಕೋಳಿಯ ಅಭಿಮಾನಿಗಳಾದ ನಾವೂ ಅಲ್ಲಗಳೆಯುವುದಿಲ್ಲ.

ಈಗ ಬಣ್ಣದ ಮರಿಗಳಿಗೆ ಬರೋಣ. ಯಂತ್ರದಲ್ಲಿ ಒಡೆದ ಮರಿಗಳಲ್ಲಿ ಅರ್ಧ ಹೆಣ್ಣು, ಅರ್ಧ ಗಂಡು. ಮೊಟ್ಟೆ ಫಾರಮಿಗೆ ಗಂಡು ಬೇಡ. ಮಾಂಸಕ್ಕೂ ಬೇಡ, ಲೆಗ್‌ಹಾರ್ನ್ ಜಾತಿಯ ಹುಂಜ ಮೈಹಿಡಿಯುವುದೇ ಇಲ್ಲ. ಒಂದು ದಿನದ ಮರಿಯ ಹಿಂಭಾಗವನ್ನು ಬೆರಳಿನಿಂದ ಒತ್ತಿ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ವಿದ್ಯೆಯನ್ನು 1920ರ ದಶಕದಲ್ಲಿ ಜಪಾನೀಯರು ಕಂಡುಹಿಡಿದಿದ್ದರು. ಅದು ಲೋಕಕ್ಕೆಲ್ಲ ಹಬ್ಬಿತು. ಹೆಣ್ಣು ಫಾರಮಿಗೆ, ಗಂಡು ಕಸಕ್ಕೆ. ಆ ಕಸದಿಂದ ಒಂದಷ್ಟನ್ನು ಮೂರು ಕಾಸಿಗೆ ಎತ್ತಿಕೊಂಡು, ಬಣ್ಣದ ನೀರಿನಲ್ಲಿ ಅದ್ದಿ, ಒಣಗಿಸಿ ಬುಟ್ಟಿಗೆ ಹಾಕುತ್ತಿದ್ದರು. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಹಳದಿ ಭಂಡಾರದ ಶೇಷವಿರುವುದರಿಂದ ಎರಡು ದಿನ ತುತ್ತಿಲ್ಲದೆ, ಹನಿ ನೀರಿಲ್ಲದೆ ಬದುಕುತ್ತದೆ. ಮಾರುವವನಿಗೆ ಅಷ್ಟು ಸಮಯ ಸಾಕು. ನಮ್ಮ ಕೈಗೆ ಬರುವ ಹೊತ್ತಿಗೆ ಆ ಬುತ್ತಿ ಮುಗಿದು, ಚಳಿ ಹಿಡಿದು, ಅರ್ಧ ಜೀವವಾಗಿರುತ್ತಿತ್ತು. ಮಕ್ಕಳು ಮುದ್ದು ಮಾಡಿದ್ದು ಹ್ಯಾಚರಿಯ ಕಸವನ್ನು.

ಇದು ಗೊತ್ತಿಲ್ಲದೆಯೇ, 1977ರಲ್ಲಿ, ಡೊಂಬಿವಲಿಯ ನಮ್ಮ ಚಾಳಿನ ಐದು ಕನ್ನಡ ಮನೆಗಳವರು ಸೇರಿ, ಸಾಕುವುದಾದರೆ ಸರಿಯಾಗಿ ಸಾಕೋಣವೆಂದು ತೀರ್ಮಾನಿಸಿದೆವು. ಒಂದು ಮನೆ ಧಾರವಾಡದ ಕಡೆಯದು, ಎರಡು ಕರಾವಳಿಯವು, ಎರಡು ತುಮಕೂರು ಸೀಮೆಯವು. ಹಿಂದೆ ನುಗ್ಗೆಮರವಿದ್ದ ಹಿತ್ತಿಲು. ಆರೇ ಕಾಲನಿಗೆ ಹೋಗಿ ಹೆಸರು ಬರೆಸಿ, ಐವತ್ತು ಹೆಣ್ಣುಮರಿಗಳನ್ನು ತಂದೆವು. ರಂಧ್ರಗಳಿದ್ದ ರಟ್ಟಿನ ಪೆಟ್ಟಿಗೆ ಹೊತ್ತು ಗೋರೆಗಾಂವಿನಿಂದ ದಾದರಕ್ಕೆ, ದಾದರದಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ. ಮಿಠಾಯಿಯೆಂದು ತಿಳಿದು ಜಾಗ ಬಿಟ್ಟುಕೊಟ್ಟ ಗುಜರಾತಿ ಮಹನೀಯರು ಪೆಟ್ಟಿಗೆ ಚಿಲಿಪಿಲಿಗುಟ್ಟಿದ ಕೂಡಲೇ ಎದ್ದುನಿಂತರು.

ತಗಡನ್ನು ಸುತ್ತ ಬಗ್ಗಿಸಿ, ಭತ್ತದ ಹೊಟ್ಟು ಹಾಸಿ, ನೂರು ವಾಟಿನ ದೀಪ ಇಳಿಬಿಟ್ಟೆವು. ಮೊದಲ ವಾರ ಮೂವತ್ತೈದು ಡಿಗ್ರಿ ಬೇಕು. ಅಳೆಯಲು ಮಾಪಕವೇ ಬೇಕೆಂದಿಲ್ಲ. ಮರಿಗಳು ದೀಪದಡಿ ಒತ್ತೊತ್ತಾಗಿ ಕೂತರೆ ಚಳಿ, ಬಾಯಿ ತೆರೆದು ದೂರ ಸರಿದರೆ ಸೆಕೆ, ಚೆದುರಿ ಓಡಾಡಿದರೆ ಸುಖ. ಕರೆಂಟು ಹೋದ ರಾತ್ರಿ ಬಿಸಿನೀರಿನ ಬಾಟಲಿಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿಟ್ಟು ಸರದಿಯ ಮೇಲೆ ಕೂತೆವು. ಧಾರವಾಡದ ಅಜ್ಜಿ ಮಾತ್ರ, “ಒಂದು ಹ್ಯಾಟಿ ಮಾಡೂ ಕೆಲಸಕ್ಕ ಐದು ಮನಿ ಮಂದಿ ನಿದ್ದಿಗೆಟ್ಟೀರಲ್ಲೋ” ಎಂದು ನಗುತ್ತಿದ್ದರು.

ಲಸಿಕೆಯ ವಿಷಯಕ್ಕೆ ಬಂದಾಗ ನಮಗೆ ಕಾಲದ ಮರ್ಮ ತಿಳಿಯಿತು. ಐದನೆಯ ದಿನ ಹನಿ ಹಾಕಬೇಕು. ನಮಗೆ ಸಿಕ್ಕ ಸೀಸೆ ನೂರು ಕೋಳಿಗೆ ಸಾಲುವಂಥದು. ಅದಕ್ಕಿಂತ ಚಿಕ್ಕದು ಇಲ್ಲ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯ ಮೇಲಿರಬೇಕು. ಸಾವಿರ ಕೋಳಿಯವನಿಗೆ ಇದು ಲೆಕ್ಕಕ್ಕಿಲ್ಲ. ನಾಲ್ಕು ಕೋಳಿ ಸಾಕುವ ಮುದುಕಿ ನೂರು ಹನಿಯ ಸೀಸೆ ತಂದು ಏನು ಮಾಡಬೇಕು? ಮರಿ, ಆಹಾರದ ಮೂಟೆ, ಔಷಧ, ಎಲ್ಲವೂ ದೊಡ್ಡ ಕೊಟ್ಟಿಗೆಯ ಅಳತೆಗೇ ಹೊಲಿದ ಅಂಗಿ. ಹಿತ್ತಿಲ ಕೋಳಿ ಹಿಂದೆ ಬಿದ್ದದ್ದು ಸೋಮಾರಿತನದಿಂದಲ್ಲ. ಅದರ ಅಳತೆಗೆ ಯಾರೂ ಏನನ್ನೂ ಮಾಡಲಿಲ್ಲ. ಕಬ್ಬಿನ ಹಾಲಿನ ಅಂಗಡಿಯಿಂದ ಥರ್ಮಾಸಿಗೆ ಮಂಜುಗಡ್ಡೆ ತುಂಬಿಕೊಂಡು ನಮ್ಮ ಐವತ್ತಕ್ಕೆ ಹಾಕಿ, ಉಳಿದದ್ದನ್ನು ಹತ್ತಿರದ ಆಗ್ರಿ ಜನರ ಪಾಡಾಕ್ಕೆ ಓಡಿಹೋಗಿ ಅವರ ಮರಿಗಳಿಗೆ ಹಾಕಿಬಂದೆವು. ನಮಗೂ ಆ ಮನೆಗಳಿಗೂ ಸ್ನೇಹ ಬೆಳೆದದ್ದು ಹೀಗೆ.

ನಲವತ್ತನಾಲ್ಕು ಉಳಿದು ಬೆಳೆದವು. ಬೆರಳೊತ್ತಿ ನೋಡಿದವನ ಕಣ್ಣು ತಪ್ಪಿಸಿದ ಎರಡು ಹುಂಜಗಳೂ ಅವುಗಳಲ್ಲಿದ್ದವು. ಐದೂವರೆ ತಿಂಗಳಿಗೆ ಮೊಟ್ಟೆ ಆರಂಭವಾಯಿತು. ದಿನಕ್ಕೆ ಇಪ್ಪತ್ತೆಂಟು, ಮೂವತ್ತು. ಯಾರಿಗೆ ಎಷ್ಟು ಎಂದು ಬರೆಯಲು ಒಂದು ನೋಟುಬುಕ್ಕು ಇಟ್ಟೆವು. ನುಗ್ಗೆಮರ ಆ ವರ್ಷದಂತೆ ಎಂದೂ ಕಾಯಿ ಬಿಡಲಿಲ್ಲ.

1979ರ ಬೇಸಿಗೆಯಲ್ಲಿ ಅಜ್ಜಿ ಊರಿಗೆ ಹೋದವರು ಒಂದು ಜವಾರಿ ಹೇಟೆಯನ್ನೂ, ಹೊಟ್ಟಿನಲ್ಲಿ ಹುದುಗಿಸಿದ ಹದಿನೈದು ಮೊಟ್ಟೆಗಳನ್ನೂ ತಂದರು. ಮೀರಜಿನಲ್ಲಿ ಗಾಡಿ ಬದಲಿಸಿ, ರಾತ್ರಿಯಿಡೀ ತೊಡೆಯ ಮೇಲಿಟ್ಟುಕೊಂಡು ಬಂದ ಬುಟ್ಟಿ. ಕುಲುಕಾಡಿದ ಮೊಟ್ಟೆ ಮರಿಯಾಗುವುದು ಅನುಮಾನವೆಂದೆವು. ಹನ್ನೊಂದು ಮರಿಯಾದವು. ಚಾಳಿನ ಮಕ್ಕಳು ತಾಯಿಕೋಳಿಯ ಹಿಂದೆ ಮರಿಗಳು ಸಾಲಾಗಿ ನಡೆಯುವುದನ್ನು ನೋಡಿದ್ದು ಅದೇ ಮೊದಲು.

ಆ ಮರಿಗಳ ಹನಿಗೂ ದೊಡ್ಡವುಗಳ ಸೂಜಿಗೂ ಲಸಿಕೆ ತಂದದ್ದು ಒಂದು ಅಂಗಡಿಯಿಂದ. ಅದರ ಹೆಸರು ಬೇಡ. ಹಿಂದಿನ ದಿನ ಊರೆಲ್ಲ ಕರೆಂಟಿರಲಿಲ್ಲ. ಅಂಗಡಿಯ ಫ್ರಿಜ್ಜು ನಿಂತಿತ್ತೇ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಸೀಸೆ ನೋಡಲು ಹೊಸದಾಗಿಯೇ ಇತ್ತು. ಜೂನ್ ತಿಂಗಳ ಮೊದಲ ಮಳೆ ಬಿದ್ದ ವಾರ ಒಂದು ಕೋಳಿ ಬಾಯಿ ತೆರೆದು ಉಸಿರೆಳೆಯುತ್ತ ಮೂಲೆ ಸೇರಿತು. ಮರುದಿನ ಆರು. ನಾಲ್ಕನೆಯ ದಿನದ ಹೊತ್ತಿಗೆ ಒಟ್ಟು ನಲವತ್ತಮೂರರಲ್ಲಿ ಉಳಿದದ್ದು ನಾಲ್ಕು. ಅಜ್ಜಿಯ ಹನ್ನೊಂದರಲ್ಲಿ ಒಂದೂ ಇಲ್ಲ. ತಾಯಿ ಹೇಟೆ ಎಲ್ಲಕ್ಕಿಂತ ಕೊನೆಗೆ, ಕತ್ತು ಹಿಂದಕ್ಕೆ ತಿರುಚಿಕೊಂಡು ಹೋಯಿತು. ನುಗ್ಗೆಮರದ ಬುಡದಲ್ಲಿ ಸುಣ್ಣ ಹಾಕಿ ಹೂತೆವು. ಅಜ್ಜಿ ಯಾರನ್ನೂ ಬಯ್ಯಲಿಲ್ಲ. “ಊರಾಗೂ ಬರ್ತಿತ್ತು ಈ ಜಡ್ಡು. ಆದರ ಅಲ್ಲಿ ಒಂದು ಮನೀದು ಹೋದರ ಇನ್ನೊಂದು ಮನಿಯಿಂದ ಪಾಲಿಗೆ ತರ್ತಿದ್ದಿವಿ” ಎಂದರು. ಇಲ್ಲಿ ಪಾಲಿಗೆ ತರಲು ಇನ್ನೊಂದು ಮನೆ ಇರಲಿಲ್ಲ. ಪಾಡಾದಲ್ಲಿಯೂ ಕೋಳಿಗಳು ಸತ್ತಿದ್ದವು. ನಮ್ಮ ಸೀಸೆಯ ಉಳಿದರ್ಧ ಅಲ್ಲಿಗೇ ಹೋಗಿತ್ತಲ್ಲ. ಆ ಮನೆಗಳ ಮುಂದೆ ಹಾದುಹೋಗಲು ನಮಗೆ ಬಹಳ ದಿನ ಮುಖವಿರಲಿಲ್ಲ.

ಹಿತ್ತಿಲ ಕೋಳಿಯ ಅಳತೆಗೆ ಅಂಗಿ ಹೊಲಿಯುವ ಕೆಲಸ ತಡವಾಗಿಯಾದರೂ ಆಯಿತು. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು, ಆಗಿನ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಪರವಾಗಿ, 1989ರಲ್ಲಿ ಗಿರಿರಾಜ ತಳಿಯನ್ನು ಬಿಡುಗಡೆ ಮಾಡಿದರು. ಬಣ್ಣದ ಗರಿ, ಗಟ್ಟಿ ಮೈ, ಮನೆಯ ಮುಸುರೆ ತಿಂದು ಬೆಳೆಯುವ ಗುಣ, ವರ್ಷಕ್ಕೆ ನಾಟಿಗಿಂತ ಎರಡುಪಟ್ಟು ಮೊಟ್ಟೆ. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು, ಹೆಸರಘಟ್ಟದಿಂದ ಕಾವೇರಿ. ಇವೂ ಕಾವಿಗೆ ಅಷ್ಟಾಗಿ ಕೂರುವುದಿಲ್ಲ, ಮರಿಯನ್ನು ಕೊಂಡೇ ತರಬೇಕು ಎಂಬುದು ನಮ್ಮ ಒಂದೇ ತಕರಾರು. ಮಂಜುಗಡ್ಡೆಯಿಲ್ಲದೆ ಕೆಲವು ದಿನ ತಾಳುವ ‘ಐ-2’ ಎಂಬ ರಾಣಿಖೇತ್ ಲಸಿಕೆಯನ್ನು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದವರು ಹಳ್ಳಿಯ ಕೋಳಿಗಳಿಗೆಂದೇ 1990ರ ದಶಕದಲ್ಲಿ ರೂಪಿಸಿದರು. ಅದು ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಎಂದು ಅನಿಸದಿರುವುದಿಲ್ಲ.

ಪೇಟೆಯ ಹಿತ್ತಿಲಿಗೆ ಮಾತ್ರ ಆ ವೇಳೆಗೆ ಆಯುಷ್ಯ ತೀರುತ್ತ ಬಂದಿತ್ತು. ನಮ್ಮ ಚಾಳು 1996ರಲ್ಲಿ ಕೆಡವಲ್ಪಟ್ಟು ಏಳು ಅಂತಸ್ತಿನ ಕಟ್ಟಡವಾಯಿತು. ನುಗ್ಗೆಮರದ ಜಾಗದಲ್ಲಿ ಸ್ಕೂಟರುಗಳು ನಿಂತವು. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡಾಗ ಫಾರಮುಗಳ ಲಕ್ಷಗಟ್ಟಲೆ ಕೋಳಿಗಳ ಜೊತೆಗೆ ಸುತ್ತಲಿನ ಮನೆಗಳ ಅಂಗಳದ ಕೋಳಿಗಳನ್ನೂ ಹಿಡಿದು ಕೊಂದರು. ರೋಗ ಹಬ್ಬದಿರಲು ಅದು ಅನಿವಾರ್ಯವಾಗಿತ್ತು. ಆದರೂ ಮಂಚದ ಕೆಳಗೆ ಕೋಳಿ ಬಚ್ಚಿಟ್ಟರೆಂದು ಕೇಳಿದಾಗ ನಮಗೆ ಆ ಮನೆಗಳವರ ಮೇಲೆ ಸಿಟ್ಟು ಬರಲಿಲ್ಲ.

ಹಳ್ಳಿಗಳ ಸುದ್ದಿ ಬೇರೆ. 2019ರ ಜಾನುವಾರು ಗಣತಿಯ ಪ್ರಕಾರ ಹಿತ್ತಿಲ ಕೋಳಿಗಳು 31 ಕೋಟಿ 70 ಲಕ್ಷ. ಹಿಂದಿನ ಗಣತಿಗಿಂತ ಶೇಕಡಾ 46ರಷ್ಟು ಹೆಚ್ಚು. ನಮ್ಮ ಪೇಟೆಗಳಲ್ಲಿ ಗಾವಠಿ ಮೊಟ್ಟೆಗೆ ಫಾರಂ ಮೊಟ್ಟೆಯ ಎರಡು ಮೂರು ಪಟ್ಟು ಬೆಲೆ ಕೊಟ್ಟು ಒಯ್ಯುವವರಿದ್ದಾರೆ. ಪಾಲಿಗೆ ಕೋಳಿ ಕೊಡುವ ಪದ್ಧತಿ ತಮ್ಮ ಊರಲ್ಲಿ ಹೇಗಿತ್ತು, ಪಾಲಿನ ಲೆಕ್ಕ ಎಷ್ಟಕ್ಕೆಷ್ಟು ಎಂಬುದನ್ನು ಬಲ್ಲ ಹಿರಿಯ ಸದಸ್ಯರು ಬರೆದು ತಿಳಿಸಿದರೆ ಉಪಕಾರವಾಗುತ್ತದೆ. ಮುಖ್ಯವಾಗಿ ಅಜ್ಜಿಯಂದಿರನ್ನು ಕೇಳಿ ಬರೆಯಿರಿ.

ನಮ್ಮ ಮೊಟ್ಟೆಯ ನೋಟುಬುಕ್ಕು ಇನ್ನೂ ಇದೆ. ಕೊನೆಯ ಬರಹ 1979ರ ಜೂನ್ ತಿಂಗಳದು. ಧಾರವಾಡದ ಮನೆಯ ಹೆಸರಿನ ಮುಂದೆ, ಕೊಡಬೇಕಾದ ಬಾಕಿ ಮೂರು ಮೊಟ್ಟೆ ಎಂದಿದೆ.